ಕೀವರ್ಡ್ ಪೈಪೋಟಿ ಅಳೆಯುವುದು ಹೇಗೆ? ಅಡಿಕೆಯ ಹುಡುಕಾಟಗಳನ್ನು ಇಟ್ಟುಕೊಂಡು ಒಂದು ಮಾರ್ಗದರ್ಶಿ

ಕನ್ನಡದಲ್ಲಿ ಕಷ್ಟಪಟ್ಟು ಬರೆದ ಎಷ್ಟೋ ಒಳ್ಳೆಯ ಲೇಖನಗಳು ಗೂಗಲ್‌ನಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಬರವಣಿಗೆ ಚೆನ್ನಾಗಿರುತ್ತದೆ, ಮಾಹಿತಿ ಸರಿಯಿರುತ್ತದೆ. ಆದರೆ ಆರಿಸಿಕೊಂಡ ಕೀವರ್ಡ್‌ನಲ್ಲಿ, ಅಂದರೆ ಜನ ಹುಡುಕಲು ಟೈಪ್ ಮಾಡುವ ಪದದಲ್ಲಿ, ಆಗಲೇ ದೊಡ್ಡ ದೊಡ್ಡ ಸೈಟ್‌ಗಳು ಕೂತಿರುತ್ತವೆ. ಇನ್ನು ಕೆಲವರು ಕೀವರ್ಡ್ ಅಳೆಯುವ ಟೂಲ್‌ನಲ್ಲಿ ಪೈಪೋಟಿ ಸೊನ್ನೆ ಅಂತ ನೋಡಿ ಖುಷಿಯಿಂದ ಬರೆಯುತ್ತಾರೆ. ಆ ಪದವನ್ನು ಹುಡುಕುವವರೇ ಇರುವುದಿಲ್ಲ. ಎರಡೂ ಕಡೆ ಶ್ರಮ ದಂಡ.

ಬರೆಯುವ ಮೊದಲೇ ಇದನ್ನು ಅಂದಾಜು ಮಾಡಬಹುದು. ದುಡ್ಡು ಕೊಟ್ಟು ಟೂಲ್ ಕೊಳ್ಳಲೇಬೇಕೆಂದಿಲ್ಲ. ಮೊದಲ ಪುಟದಲ್ಲಿರುವ ಹತ್ತು ಫಲಿತಾಂಶಗಳನ್ನು ತಾಳ್ಮೆಯಿಂದ ಓದುವ ಅಭ್ಯಾಸ ಬೇಕು, ಅಷ್ಟೇ. ಉದಾಹರಣೆಗೆ ಅಡಿಕೆಯನ್ನೇ ತೆಗೆದುಕೊಳ್ಳುತ್ತೇನೆ. ಮಲೆನಾಡು, ಕರಾವಳಿಯ ರೈತರು ಫೋನಿನಲ್ಲಿ ದಿನಾ ಹುಡುಕುವ ವಿಷಯ ಇದು. ಧಾರಣೆಯಿಂದ ಹಿಡಿದು ರೋಗ, ಔಷಧಿ, ಯಂತ್ರದವರೆಗೆ ಎಲ್ಲ ಬಗೆಯ ಕೀವರ್ಡ್‌ಗಳೂ ಇದರಲ್ಲಿ ಸಿಗುತ್ತವೆ. ನಿಮ್ಮ ವಿಷಯ ಅಡುಗೆಯೋ ಪ್ರವಾಸವೋ ಆಗಿದ್ದರೂ ದಾರಿ ಇದೇ.

ಟೂಲ್ ತೋರಿಸುವ ಅಂಕಿಯ ಅರ್ಥ

ಮೊದಲು ಒಂದು ದೊಡ್ಡ ಗೊಂದಲ ಬಗೆಹರಿಸೋಣ. ಜಾಹೀರಾತುದಾರರಿಗೆಂದು ಗೂಗಲ್ ಕೊಡುವ ಕೀವರ್ಡ್ ಪ್ಲಾನರ್ ಎಂಬ ಟೂಲ್‌ನಲ್ಲಿ 'ಕಾಂಪಿಟಿಶನ್' ಎಂಬ ಕಾಲಂ ಇದೆ. ಅಲ್ಲಿ ಲೋ, ಮೀಡಿಯಂ, ಹೈ ಅಂತ ಕಾಣುತ್ತದೆ. ಅದು ಜಾಹೀರಾತು ಕೊಡುವವರ ನಡುವಿನ ಪೈಪೋಟಿ. ಆ ಪದಕ್ಕೆ ಎಷ್ಟು ಜನ ಜಾಹೀರಾತುದಾರರು ಬಿಡ್ ಹಾಕುತ್ತಿದ್ದಾರೆ ಎಂಬುದನ್ನಷ್ಟೇ ಅದು ಹೇಳುತ್ತದೆ. ನಿಮ್ಮ ಲೇಖನ ಮೇಲೆ ಬರುವುದು ಸುಲಭವೋ ಕಷ್ಟವೋ ಎಂಬುದಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. 'ಅಡಿಕೆ ಧಾರಣೆ'ಗೆ ಜಾಹೀರಾತು ಕೊಡುವವರು ಕಡಿಮೆ ಇರಬಹುದು. ಅದನ್ನು ಹಿಡಿದು ಬರೆಯುವ ಸೈಟ್‌ಗಳು ಮಾತ್ರ ಬೇಕಾದಷ್ಟಿವೆ.

ಏಚ್‌ರೆಫ್ಸ್, ಸೆಮ್‌ರಶ್, ಮಾಜ್‌ನಂಥ ಟೂಲ್‌ಗಳು 'ಕೀವರ್ಡ್ ಡಿಫಿಕಲ್ಟಿ' ಎಂದು ಮೇಲೆ ಬರುವುದು ಎಷ್ಟು ಕಷ್ಟ ಎಂಬುದಕ್ಕೆ ನೂರರೊಳಗಿನ ಒಂದು ಅಂಕಿ ಕೊಡುತ್ತವೆ. ಏಚ್‌ರೆಫ್ಸ್‌ನ ಅಂಕಿ ನಿಂತಿರುವುದು ಹುಡುಕಿದಾಗ ಮೊದಲ ಹತ್ತರಲ್ಲಿ ಬರುವ ಪುಟಗಳಿಗೆ ಎಷ್ಟು ಬೇರೆ ಬೇರೆ ಸೈಟ್‌ಗಳಿಂದ ಲಿಂಕ್ ಇದೆ ಎಂಬುದರ ಮೇಲೆ. ಉಳಿದ ಟೂಲ್‌ಗಳ ಲೆಕ್ಕ ಬೇರೆ. ಹಾಗಾಗಿ ಒಂದೇ ಪದಕ್ಕೆ ಒಂದು ಟೂಲ್ 12 ಎಂದರೆ ಇನ್ನೊಂದು 35 ಎನ್ನಬಹುದು. ಒಂದು ಟೂಲ್‌ನ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸಬೇಡಿ. ಗೂಗಲ್ ಟೂಲ್‌ಬಾರ್‌ನಲ್ಲಿ ಒಂದು ಕಾಲಕ್ಕೆ ಪ್ರತಿ ಪುಟಕ್ಕೂ ಗೂಗಲ್ ಕೊಟ್ಟ ಅಂಕಿ, ಅಂದರೆ ಪೇಜ್‌ರ‍್ಯಾಂಕ್ ಕಾಣುತ್ತಿತ್ತು. 2016ರಲ್ಲಿ ಅದನ್ನೂ ತೆಗೆದರು. ಈಗ ಹೊರಗೆ ಕಾಣುವ ಅಂಕಿಗಳೆಲ್ಲ ಬೇರೆ ಕಂಪನಿಗಳ ಅಂದಾಜು.

ಕನ್ನಡದ ಪದಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಈ ಟೂಲ್‌ಗಳಲ್ಲಿ ಕನ್ನಡದ ಮಾಹಿತಿ ತೆಳು. ಡಿಫಿಕಲ್ಟಿ ಸೊನ್ನೆ ಅಂತ ತೋರಿಸಿದರೆ ಅದಕ್ಕೆ ಎರಡು ಕಾರಣ ಇರಬಹುದು. ಮೊದಲ ಪುಟದಲ್ಲಿರುವ ಯಾವ ಪುಟಕ್ಕೂ ಲಿಂಕ್ ಇಲ್ಲದಿರಬಹುದು, ಇಲ್ಲವೇ ಟೂಲ್‌ನ ಹತ್ತಿರ ಮಾಹಿತಿಯೇ ಇಲ್ಲದಿರಬಹುದು. ಕನ್ನಡದ ಸುದ್ದಿ ಸೈಟ್‌ಗಳ ಒಂದೊಂದು ಪುಟಕ್ಕೆ ಹೊರಗಿನ ಲಿಂಕ್ ಇರುವುದು ಅಪರೂಪ. ಆದರೂ ಇಡೀ ಸೈಟ್‌ನ ಬಲದಿಂದ ಅವು ಮೇಲೆ ನಿಲ್ಲುತ್ತವೆ. ಅಂಕಿ ಸೊನ್ನೆ, ಪೈಪೋಟಿ ಮಾತ್ರ ಜೋರು. ಆದ್ದರಿಂದ ಕನ್ನಡದಲ್ಲಿ ಬರೆಯುವವರು ಟೂಲ್‌ಗಿಂತ ಕಣ್ಣನ್ನೇ ಜಾಸ್ತಿ ನಂಬಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲ ಹೆಜ್ಜೆ: ಜನ ಬಳಸುವ ಪದಗಳನ್ನು ಕಲೆಹಾಕಿ

ಒಂದೇ ಮಾಹಿತಿಯನ್ನು ಜನ ಹತ್ತು ರೀತಿಯಲ್ಲಿ ಕೇಳುತ್ತಾರೆ. ಧಾರಣೆ, ದರ, ಬೆಲೆ, ರೇಟು. ಕೆಲವರು ಅಡಿಕೆ ಎನ್ನುತ್ತಾರೆ, ಕೆಲವರು ಅಡಕೆ. ಕೊಳೆರೋಗ ಎಂದು ಕೂಡಿಸಿ ಬರೆಯುವವರಿದ್ದಾರೆ, ಬಿಡಿಸಿ ಬರೆಯುವವರೂ ಇದ್ದಾರೆ. ಅದೇ ರೋಗಕ್ಕೆ ದಕ್ಷಿಣ ಕನ್ನಡದ ಕಡೆ ಮಹಾಳಿ ಎಂಬ ಹೆಸರೂ ಇದೆ. ಇವುಗಳ ಪೈಪೋಟಿ ಒಂದೇ ಸಮ ಇರುವುದಿಲ್ಲ.

ಲಿಪಿಯದ್ದು ಇನ್ನೊಂದು ಕಥೆ. ಕನ್ನಡ ಅಕ್ಷರದಲ್ಲಿ ಟೈಪ್ ಮಾಡುವವರು, ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ 'ಅಡಿಕೆ ರೇಟ್ ಟುಡೇ' ಎಂದು ಟೈಪ್ ಮಾಡುವವರು, ಪೂರ್ತಿ ಇಂಗ್ಲಿಷಿನಲ್ಲಿ 'ಅರೆಕಾನಟ್ ಪ್ರೈಸ್' ಎಂದು ಹುಡುಕುವವರು ಹೀಗೆ ಮೂರು ಗುಂಪು. ಇಂಗ್ಲಿಷಿನಲ್ಲಿ ಹುಡುಕುವವರಲ್ಲಿ ಶಿವಮೊಗ್ಗವನ್ನು ಹಳೆಯ 'ಶಿಮೊಗ' ಸ್ಪೆಲಿಂಗ್‌ನಲ್ಲಿ ಬರೆಯುವವರು ಈಗಲೂ ಇದ್ದಾರೆ, 2014ರಲ್ಲೇ ಅಧಿಕೃತ ಹೆಸರು ಬದಲಾಗಿದ್ದರೂ. ಮೂರೂ ಬಗೆಯನ್ನು ನೀವೇ ಟೈಪ್ ಮಾಡಿ ನೋಡಿ. ಮೇಲೆ ಬರುವ ಸೈಟ್‌ಗಳು ಬೇರೆ ಬೇರೆ ಇರುವುದು ಬಹಳ ಸಲ ಕಣ್ಣಿಗೆ ಕಾಣುತ್ತದೆ.

ಪಟ್ಟಿ ಮಾಡುವುದಕ್ಕೆ ಗೂಗಲ್‌ನ ಹುಡುಕಾಟದ ಪೆಟ್ಟಿಗೆಯೇ ಸಾಕು. 'ಅಡಿಕೆ' ಎಂದು ಬರೆದು ಒಂದು ಜಾಗ ಬಿಡಿ. ಕೆಳಗೆ ಸಲಹೆಗಳು ಬರುತ್ತವೆ. ಆಮೇಲೆ 'ಅಡಿಕೆ ಕ', 'ಅಡಿಕೆ ಗ', 'ಅಡಿಕೆ ಸ' ಹೀಗೆ ಒಂದೊಂದು ಅಕ್ಷರ ಸೇರಿಸುತ್ತಾ ಹೋಗಿ. ಫಲಿತಾಂಶದ ನಡುವೆ ಜನ ಕೇಳುವ ಪ್ರಶ್ನೆಗಳು ಬಂದರೆ ಅವನ್ನೂ ಬರೆದುಕೊಳ್ಳಿ. ಯೂಟ್ಯೂಬ್‌ನ ಪೆಟ್ಟಿಗೆಯಲ್ಲೂ ಹೀಗೇ ಮಾಡಿ. ರೈತರಲ್ಲಿ ಓದುವವರಿಗಿಂತ ವಿಡಿಯೋ ನೋಡುವವರು ಜಾಸ್ತಿ, ಅವರ ಮಾತು ಅಲ್ಲಿ ಚೆನ್ನಾಗಿ ಸಿಗುತ್ತದೆ.

ಸ್ಥಳೀಯ ಮಾತು ಗೊತ್ತಿದ್ದರೆ ಅದು ದೊಡ್ಡ ಬಲ. ಅಡಿಕೆಯ ಬಗೆಗಳ ಹೆಸರನ್ನೇ ನೋಡಿ. ಶಿವಮೊಗ್ಗದ ಮಾರುಕಟ್ಟೆಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು. ಶಿರಸಿಯಲ್ಲಿ ಚಾಲಿ, ಬಿಳಿಗೋಟು, ಕೆಂಪುಗೋಟು, ತಟ್ಟಿಬೆಟ್ಟೆ. ಪುತ್ತೂರಿನ ಕಡೆ ಸಿಂಗಲ್ ಚೋಲು, ಡಬಲ್ ಚೋಲು, ಪಟೋರ, ಉಳ್ಳಿ. ಬೆಂಗಳೂರಿನಲ್ಲಿ ಕೂತು ಟೂಲ್ ನೋಡಿ ಬರೆಯುವವರಿಗೆ ಈ ಪದಗಳು ಹೊಳೆಯುವುದೇ ಇಲ್ಲ. 'ಅಡಿಕೆ ಧಾರಣೆ'ಯಲ್ಲಿ ನಿಮಗೆ ಜಾಗ ಇಲ್ಲದಿರಬಹುದು, 'ಕೆಂಪುಗೋಟು ಎಂದರೇನು, ಅದಕ್ಕೆ ಯಾಕೆ ದರ ಕಡಿಮೆ' ಎಂಬ ಪ್ರಶ್ನೆಯಲ್ಲಿ ಜಾಗ ಇರಬಹುದು.

ಹುಡುಕುವವರು ಇದ್ದಾರೋ ಇಲ್ಲವೋ ಎಂದು ಈಗಲೇ ನೋಡಿಬಿಡಿ. ಜಾಹೀರಾತಿಗೆ ದುಡ್ಡು ಹಾಕದ ಖಾತೆಗೆ ಕೀವರ್ಡ್ ಪ್ಲಾನರ್ '100ರಿಂದ 1,000' ಎಂಬಂಥ ಅಗಲ ಅಂದಾಜು ಮಾತ್ರ ಕೊಡುತ್ತದೆ. ಅದೂ ಸಾಕು. ಗೂಗಲ್ ಟ್ರೆಂಡ್ಸ್‌ನಲ್ಲಿ ಕರ್ನಾಟಕ ಎಂದು ಆರಿಸಿ ಎರಡು ಪದಗಳನ್ನು ಹೋಲಿಸಿ. ಯಾವುದು ಜಾಸ್ತಿ, ಯಾವ ತಿಂಗಳಲ್ಲಿ ಏರುತ್ತದೆ ಎಂಬುದು ತಿಳಿಯುತ್ತದೆ. ಪದ ತೀರಾ ಸಣ್ಣದಾದರೆ ಟ್ರೆಂಡ್ಸ್ ಏನೂ ತೋರಿಸುವುದಿಲ್ಲ. ಆಗ ಹುಡುಕಾಟದ ಪೆಟ್ಟಿಗೆ ಆ ಪದವನ್ನು ತಾನಾಗಿ ಸೂಚಿಸುತ್ತದೆಯೇ ನೋಡಿ. ಸೂಚಿಸಿದರೆ ಅದನ್ನು ಯಾರೋ ಹುಡುಕುತ್ತಿದ್ದಾರೆ ಎಂದೇ ಲೆಕ್ಕ.

ಎರಡನೇ ಹೆಜ್ಜೆ: ಫಲಿತಾಂಶದ ಪುಟವನ್ನು ಮೇಲಿಂದ ಕೆಳಗೆ ನೋಡಿ

ಇನ್‌ಕಾಗ್ನಿಟೋ ಕಿಟಕಿ (ಹಳೆಯ ಹುಡುಕಾಟಗಳನ್ನು ನೆನಪಿಡದ ಬ್ರೌಸರ್ ಕಿಟಕಿ) ತೆರೆದು, ಮೊಬೈಲ್‌ನಲ್ಲಿ ಹುಡುಕಿ. ನಿಮ್ಮ ಹಳೆಯ ಹುಡುಕಾಟಗಳ ಪ್ರಭಾವ ಕಡಿಮೆಯಾಗುತ್ತದೆ. ನೀವಿರುವ ಊರಿನ ಪ್ರಭಾವ ಮಾತ್ರ ಇದರಿಂದ ಹೋಗುವುದಿಲ್ಲ. ಹಾಗಾಗಿ ಸಾಧ್ಯವಾದರೆ ಬೇರೆ ಜಿಲ್ಲೆಯಲ್ಲಿರುವ ನೆಂಟರಿಗೋ ಸ್ನೇಹಿತರಿಗೋ ಹೇಳಿ, ಅದೇ ಪದ ಹುಡುಕಿಸಿ ಸ್ಕ್ರೀನ್‌ಶಾಟ್ ತರಿಸಿಕೊಳ್ಳಿ.

ಲಿಂಕ್‌ಗಳನ್ನು ಎಣಿಸುವ ಮೊದಲು ಅವುಗಳ ಮೇಲೆ ಏನೇನಿದೆ ನೋಡಿ. ಜಾಹೀರಾತು ಇದೆಯೇ? ಗೂಗಲ್ ಮ್ಯಾಪ್‌ನ ಮೂರು ಅಂಗಡಿಗಳ ಪೆಟ್ಟಿಗೆ ಇದೆಯೇ? ವಿಡಿಯೋಗಳ ಸಾಲು ಇದೆಯೇ? ಗೂಗಲ್ ತಾನೇ ಉತ್ತರ ಕೊಟ್ಟುಬಿಟ್ಟಿದೆಯೇ? ಎಐ ಓವರ್‌ವ್ಯೂ ಎಂಬ ಉತ್ತರದ ಪೆಟ್ಟಿಗೆ ಭಾರತಕ್ಕೆ ಬಂದಿದ್ದು 2024ರ ಆಗಸ್ಟ್‌ನಲ್ಲಿ, ಮೊದಲು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ನಿಮ್ಮ ಪದಕ್ಕೆ ಅದು ಬರುತ್ತದೆಯೇ ಎಂದು ನೋಡಿಕೊಳ್ಳಿ. ಒಂದು ಸಾಲಿನಲ್ಲಿ ಉತ್ತರ ಮುಗಿಯುವ ಪ್ರಶ್ನೆಯಾದರೆ, ನೀವು ಮೊದಲ ಸ್ಥಾನಕ್ಕೆ ಬಂದರೂ ಕ್ಲಿಕ್ ಸಿಗುವುದು ಕಡಿಮೆ.

ಮ್ಯಾಪ್ ಪೆಟ್ಟಿಗೆ ಇದ್ದರೆ ಅಲ್ಲಿನ ಆಟವೇ ಬೇರೆ. ಹುಡುಕಿದ್ದಕ್ಕೆ ಎಷ್ಟು ಹೊಂದುತ್ತದೆ, ಎಷ್ಟು ಹತ್ತಿರವಿದೆ, ಎಷ್ಟು ಹೆಸರು ಮಾಡಿದೆ ಎಂಬ ಮೂರು ಅಂಶ ನೋಡಿ ಗೂಗಲ್ ಆ ಅಂಗಡಿಗಳನ್ನು ಆರಿಸುತ್ತದೆ. ಯಂತ್ರ ಮಾರುವ ಅಂಗಡಿ ನಿಮ್ಮದಾದರೆ ಲೇಖನ ಬರೆಯುವ ಮೊದಲು ಗೂಗಲ್ ಬಿಸಿನೆಸ್ ಪ್ರೊಫೈಲ್ (ಮ್ಯಾಪ್‌ನಲ್ಲಿ ಅಂಗಡಿಯ ವಿವರ ತೋರಿಸುವ ಖಾತೆ) ಸರಿಮಾಡಿಕೊಳ್ಳುವುದೇ ಲಾಭ.

ನಂತರ ಹತ್ತೂ ಫಲಿತಾಂಶಗಳ ಜಾತಿ ಗುರುತಿಸಿ. ಹತ್ತರಲ್ಲಿ ಎಂಟು ದರಪಟ್ಟಿಯೇ ಆಗಿದ್ದರೆ, ಹುಡುಕುವವರಿಗೆ ಬೇಕಾಗಿರುವುದು ಇವತ್ತಿನ ದರ. ಅಲ್ಲಿ ನೀವು ಅಡಿಕೆ ಮಾರುಕಟ್ಟೆಯ ಇತಿಹಾಸ ಎಷ್ಟೇ ಚೆನ್ನಾಗಿ ಬರೆದರೂ ಮೇಲೆ ಬರುವುದಿಲ್ಲ. ಎಂಟು ಅಂಗಡಿ ಪುಟಗಳಿದ್ದರೆ ಜನ ಕೊಳ್ಳಲು ಬಂದಿದ್ದಾರೆ. ಎಂಟು ವಿಡಿಯೋಗಳಿದ್ದರೆ ಕೈಯಿಂದ ಮಾಡಿ ತೋರಿಸುವ ಕೆಲಸ ಅದು. ನೀವು ಕೊಡಬಲ್ಲ ಪುಟದ ಜಾತಿ ಅಲ್ಲಿ ಇಲ್ಲವೇ ಇಲ್ಲ ಎಂದಾದರೆ ಆ ಕೀವರ್ಡ್ ಬಿಡಿ. ಪೈಪೋಟಿ ಎಷ್ಟು ಎಂದು ಲೆಕ್ಕ ಹಾಕುವ ಅಗತ್ಯವೂ ಇಲ್ಲ.

ಮೂರನೇ ಹೆಜ್ಜೆ: ಹತ್ತೂ ಪುಟಗಳನ್ನು ತೆರೆದು ಓದಿ

ಇದೇ ಮುಖ್ಯ ಕೆಲಸ. ಬೇಸರವಾದರೂ ಬಿಡಬೇಡಿ. ಒಂದು ನೋಟ್‌ಬುಕ್ಕಿನಲ್ಲೋ ಶೀಟ್‌ನಲ್ಲೋ ಪ್ರತಿ ಪುಟಕ್ಕೂ ಒಂದು ಸಾಲು ಬರೆದುಕೊಳ್ಳಿ: ಯಾರ ಸೈಟ್, ಯಾವಾಗಿನದು, ತಲೆಬರಹದಲ್ಲಿ ನಮ್ಮ ಪದ ಇದೆಯೇ, ಪ್ರಶ್ನೆಗೆ ಉತ್ತರ ಪೂರ್ತಿ ಇದೆಯೇ.

'ಬೋರ್ಡೋ ದ್ರಾವಣ ತಯಾರಿಸುವುದು ಹೇಗೆ' ಎಂಬ ಹುಡುಕಾಟ ತೆಗೆದುಕೊಳ್ಳಿ. ಕೊಳೆರೋಗ ತಡೆಯಲು ಮಳೆಗಾಲಕ್ಕೆ ಮುಂಚೆ ಒಮ್ಮೆ, ಅದಾಗಿ 40-45 ದಿನಕ್ಕೆ ಇನ್ನೊಮ್ಮೆ ಹೊಡೆಯುವ ಔಷಧಿ ಇದು. ಶೇ. 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಇಷ್ಟು ಎಲ್ಲರೂ ಬರೆಯುತ್ತಾರೆ. ಆದರೆ ತೋಟದಲ್ಲಿ ನಿಂತವರಿಗೆ ಬೇರೆ ಪ್ರಶ್ನೆಗಳಿರುತ್ತವೆ. ಎರಡನ್ನೂ ಬೇರೆ ಬೇರೆ ಕರಗಿಸಬೇಕೇ? ಯಾವ ಪಾತ್ರೆ ಬಳಸಬೇಕು? ಸುಣ್ಣ ಸಾಕಾಯಿತೇ ಎಂದು ತಿಳಿಯುವುದು ಹೇಗೆ? ಉಜ್ಜಿದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿದಾಗ ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಇನ್ನೂ ಸುಣ್ಣ ಬೇಕು ಎಂಬುದನ್ನು ಎಷ್ಟು ಪುಟ ಹೇಳುತ್ತವೆ? ಮಾಡಿಟ್ಟ ದ್ರಾವಣವನ್ನು ನಾಳೆ ಹೊಡೆಯಬಹುದೇ? ಹತ್ತು ಪುಟಗಳಲ್ಲಿ ಏಳು ಈ ಪ್ರಶ್ನೆಗಳನ್ನು ಮುಟ್ಟದೇ ಹೋಗಿದ್ದರೆ, ಅಲ್ಲಿ ನಿಮಗೆ ಜಾಗ ಇದೆ. ಡಿಫಿಕಲ್ಟಿಯ ಅಂಕಿಯಿಂದ ಇದು ಎಂದೂ ತಿಳಿಯುವುದಿಲ್ಲ.

ಜಾಗ ಖಾಲಿ ಇದೆ ಎಂದು ತೋರಿಸುವ ಬೇರೆ ಗುರುತುಗಳೂ ಇವೆ. ಮೊದಲ ಪುಟದಲ್ಲಿ ಫೇಸ್‌ಬುಕ್ ಪೋಸ್ಟ್, ಪ್ರಶ್ನೋತ್ತರದ ತಾಣ ಕ್ವೋರಾದ ಎರಡು ಸಾಲಿನ ಉತ್ತರ ಕಂಡರೆ ಗೂಗಲ್‌ಗೆ ಅದಕ್ಕಿಂತ ಒಳ್ಳೆಯದು ಸಿಕ್ಕಿಲ್ಲದಿರಬಹುದು. ಕನ್ನಡದಲ್ಲಿ ಹುಡುಕಿದರೂ ಇಂಗ್ಲಿಷ್ ಪುಟಗಳು ಬರುತ್ತಿದ್ದರೆ ಕನ್ನಡದ ಪುಟಕ್ಕೆ ಅವಕಾಶ ಇದೆ. ಯಂತ್ರದಿಂದ ಅನುವಾದಿಸಿದ, ಅರ್ಥವಾಗದ ಕನ್ನಡದ ಪುಟ ಮೇಲೆ ಕೂತಿದ್ದರೆ ಇನ್ನೂ ದೊಡ್ಡ ಅವಕಾಶ. ಇಲಾಖೆಗಳ ಹಳೆಯ ಪಿಡಿಎಫ್‌ಗಳ ವಿಷಯ ಕೇಳಿ: ಒಳಗಿರುವ ಮಾಹಿತಿ ಚಿನ್ನದಂಥದ್ದು. ಆದರೆ ಎಲ್ಲ ಸಾಧನಗಳೂ ಒಂದೇ ರೀತಿ ಓದುವ ಯೂನಿಕೋಡ್ ಅಕ್ಷರ ಪದ್ಧತಿ ಬರುವ ಮುಂಚಿನ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತ ಹುಡುಕಾಟ ಯಂತ್ರಕ್ಕೆ ಕನ್ನಡವಾಗಿ ಕಾಣುವುದಿಲ್ಲ, ಗೊಂದಲದ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಅಂಥ ವಿಷಯವನ್ನು ಸರಿಯಾದ ಯೂನಿಕೋಡ್ ಕನ್ನಡದಲ್ಲಿ, ನಿಮ್ಮ ಮಾತಿನಲ್ಲಿ ಬರೆದರೆ ಓದುಗರಿಗೂ ಉಪಕಾರ.

ಕಷ್ಟದ ಗುರುತುಗಳು ಇದಕ್ಕೆ ತಿರುವುಮುರುವು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಂಥವರ ಪುಟ ಪ್ರಶ್ನೆಗೆ ನೇರ, ಪೂರ್ತಿ ಉತ್ತರ ಕೊಡುತ್ತಿದ್ದರೆ ಅದನ್ನು ದಾಟುವುದು ಕಷ್ಟ. ಹತ್ತಕ್ಕೆ ಹತ್ತೂ ದೊಡ್ಡ ಪತ್ರಿಕೆ, ಟಿವಿ ಸೈಟ್‌ಗಳಾಗಿದ್ದು, ಎಲ್ಲದರಲ್ಲೂ ಇವತ್ತಿನದೋ ನಿನ್ನೆಯದೋ ತಾರೀಖು ಇದ್ದರೆ ಅದು ಸುದ್ದಿಯ ಓಟ. ಅಲ್ಲಿಗೆ ಒಬ್ಬರೇ ಇಳಿಯಬೇಡಿ.

ದೊಡ್ಡ ಹೆಸರು ಕಂಡ ಕೂಡಲೇ ಹೆದರಬೇಡಿ ಎಂದೂ ಹೇಳಬೇಕು. ದೊಡ್ಡ ಸೈಟ್‌ನ ಪುಟ ಸುಮ್ನೆ ಹತ್ತಿರದ ವಿಷಯ ಅಂತ ಬಂದಿರಬಹುದು. ಕೊಳೆರೋಗದ ನಷ್ಟದ ಸುದ್ದಿ ಬೋರ್ಡೋ ದ್ರಾವಣದ ಹುಡುಕಾಟದಲ್ಲಿ ಕಂಡರೆ ಅದು ಪ್ರಶ್ನೆಗೆ ಉತ್ತರವಲ್ಲ, ಅಲ್ವಾ?

ತಲೆಬರಹದ ಪರೀಕ್ಷೆಗೆ ಒಂದು ಉಪಾಯ ಇದೆ. ಹುಡುಕಾಟದ ಪೆಟ್ಟಿಗೆಯಲ್ಲಿ 'ಆಲ್‌ಇನ್‌ಟೈಟಲ್' ಎಂದು ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಪದವಾಗಿ (allintitle) ಬರೆದು, ಕೋಲನ್ ಹಾಕಿ, ಮುಂದೆ ನಿಮ್ಮ ಕನ್ನಡ ಪದಗಳನ್ನು ಬರೆಯಿರಿ. ಆ ಪದಗಳೆಲ್ಲ ತಲೆಬರಹದಲ್ಲೇ ಇರುವ ಪುಟಗಳು ಮಾತ್ರ ಬರುತ್ತವೆ. ಬೆರಳೆಣಿಕೆಯಷ್ಟು ಬಂದರೆ ಆ ವಿಷಯಕ್ಕೆಂದೇ ಬರೆದವರು ಕಡಿಮೆ. ಇದು ಒರಟು ಅಂದಾಜು, ಇದನ್ನೇ ನೆಚ್ಚಿಕೊಳ್ಳಬೇಡಿ. ಸಾಮಾನ್ಯ ಹುಡುಕಾಟದಲ್ಲಿ ಕಾಣುವ 'ಇಷ್ಟು ಲಕ್ಷ ಫಲಿತಾಂಶಗಳು' ಎಂಬ ಸಂಖ್ಯೆಯನ್ನಂತೂ ಮರೆತುಬಿಡಿ. ನಿಮ್ಮ ಪೈಪೋಟಿ ಮೊದಲ ಹತ್ತರ ಜೊತೆ ಮಾತ್ರ.

ಲಿಂಕ್‌ಗಳ ಲೆಕ್ಕ

ಏಚ್‌ರೆಫ್ಸ್‌ನ ಉಚಿತ ಬ್ಯಾಕ್‌ಲಿಂಕ್ ಚೆಕರ್‌ನಲ್ಲಿ (ಬೇರೆ ಸೈಟ್‌ಗಳಿಂದ ಬರುವ ಲಿಂಕ್ ತೋರಿಸುವ ಟೂಲ್) ಮೊದಲ ನಾಲ್ಕೈದು ಪುಟಗಳ ವಿಳಾಸ ಹಾಕಿ ನೋಡಿ. ಎಷ್ಟು ಬೇರೆ ಬೇರೆ ಸೈಟ್‌ಗಳಿಂದ ಲಿಂಕ್ ಇದೆ ಎಂಬುದು ಮುಖ್ಯ. ಒಂದೇ ಸೈಟ್‌ನಿಂದ ನೂರು ಲಿಂಕ್ ಇದ್ದರೂ ತೂಕ ಕಡಿಮೆ. ಇಡೀ ಸೈಟ್‌ನ ಅಂಕಿಯ ಜೊತೆಗೆ ಆ ಒಂದು ಪುಟದ ಅಂಕಿಯನ್ನೂ ನೋಡಿ. ಪುಟಕ್ಕೆ ಲಿಂಕ್ ಇಲ್ಲ, ಸೈಟೂ ಚಿಕ್ಕದು, ಆದರೂ ಮೊದಲ ಐದರಲ್ಲಿದೆ ಎಂದರೆ ಬಹಳ ಒಳ್ಳೆಯ ಸೂಚನೆ. ನಿಮ್ಮಷ್ಟೇ ಬಲದವರು ಅಲ್ಲಿಗೆ ಹೋಗಿದ್ದಾರೆ, ನೀವೂ ಹೋಗಬಹುದು.

ನಾಲ್ಕನೇ ಹೆಜ್ಜೆ: ನಿಮ್ಮ ಸೈಟ್‌ನ ಬಲ ತಿಳಿಯಿರಿ

ಒಂದೇ ಕೀವರ್ಡ್ ಒಬ್ಬರಿಗೆ ಸುಲಭ, ಇನ್ನೊಬ್ಬರಿಗೆ ಕಷ್ಟ. ಅಡಿಕೆಯ ಬಗ್ಗೆ ಆಗಲೇ ಹತ್ತಾರು ಲೇಖನ ಇರುವ ಸೈಟ್‌ಗೂ, ಇವತ್ತು ಸಿನಿಮಾ, ನಾಳೆ ಅಡಿಕೆ ಎಂದು ಬರೆಯುವ ಸೈಟ್‌ಗೂ ವ್ಯತ್ಯಾಸ ಇದೆ.

ನಿಮ್ಮ ಬಲ ತಿಳಿಯಲು, ಸೈಟ್ ಹುಡುಕಾಟದಲ್ಲಿ ಎಲ್ಲಿದೆ ಎಂದು ಅದರ ಮಾಲೀಕರಿಗೆ ತೋರಿಸುವ ಗೂಗಲ್ ಸರ್ಚ್ ಕನ್ಸೋಲ್‌ಗಿಂತ ಒಳ್ಳೆಯ ಸಾಧನ ಇಲ್ಲ. ಉಚಿತ, ಮತ್ತು ಗೂಗಲ್‌ನದೇ ಮಾಹಿತಿ. 16 ತಿಂಗಳವರೆಗಿನ ಲೆಕ್ಕ ಸಿಗುತ್ತದೆ. ಪರ್ಫಾರ್ಮೆನ್ಸ್ ವರದಿ ತೆರೆದು, ಸರಾಸರಿ ಸ್ಥಾನ 8ರಿಂದ 20ರ ನಡುವೆ ಇರುವ ಹುಡುಕಾಟದ ಪದಗಳನ್ನು ಬೇರೆ ಮಾಡಿ. ಗೂಗಲ್ ನಿಮ್ಮನ್ನು ಬಾಗಿಲವರೆಗೆ ಕರೆದ ಪದಗಳು ಅವು. ಅವುಗಳ ಅಕ್ಕಪಕ್ಕದ ಕೀವರ್ಡ್‌ಗಳೇ ನಿಮಗೆ ಸುಲಭದವು. ನೀವು ಲೇಖನದಲ್ಲಿ ಎಲ್ಲೋ ಒಂದು ಸಾಲಿನಲ್ಲಿ ಹೇಳಿದ ವಿಷಯಕ್ಕೆ ಇಂಪ್ರೆಶನ್ (ಫಲಿತಾಂಶದಲ್ಲಿ ಪುಟ ಕಾಣಿಸಿಕೊಂಡ ಲೆಕ್ಕ) ಬರುತ್ತಿದ್ದರೆ ಅದಕ್ಕೆಂದೇ ಬೇರೆ ಪುಟ ಬರೆಯಲು ಇದಕ್ಕಿಂತ ದೊಡ್ಡ ಕಾರಣ ಬೇಡ. ಎರಡು ಮೂರು ಇಂಪ್ರೆಶನ್ ಮಾತ್ರ ಇರುವ ಪದಗಳ ಸರಾಸರಿಯನ್ನು ಮಾತ್ರ ನಂಬಬೇಡಿ.

ಸೈಟ್ ಹೊಸದಾಗಿದ್ದರೆ ಕನ್ಸೋಲ್‌ನಲ್ಲಿ ಏನೂ ಇರುವುದಿಲ್ಲ. ಆಗ ಮೂರು ನಾಲ್ಕು ಪದಗಳ ಉದ್ದದ, ಬಹಳ ನಿಖರವಾದ ಪ್ರಶ್ನೆಗಳಿಂದಲೇ ಶುರುಮಾಡಿ.

ನಾಲ್ಕು ಕೀವರ್ಡ್, ನಾಲ್ಕು ತೀರ್ಮಾನ

'ಇಂದಿನ ಅಡಿಕೆ ಧಾರಣೆ': ಹುಡುಕುವವರು ಬಹಳ. ಆದರೆ ದಿನಾ ದರ ಹಾಕಬೇಕು, ಸುದ್ದಿ ಸೈಟ್‌ಗಳ ಜೊತೆ ಓಡಬೇಕು. ಒಂದು ದಿನ ತಪ್ಪಿದರೂ ಪುಟ ಹಳತಾಗುತ್ತದೆ. ಒಬ್ಬರೇ ನಡೆಸುವ ಸೈಟ್‌ಗೆ ನಾನು ಬೇಡ ಎನ್ನುತ್ತೇನೆ.

'ಅಡಿಕೆ ಸುಲಿಯುವ ಯಂತ್ರದ ಬೆಲೆ': ಕೊಳ್ಳುವವರ ಹುಡುಕಾಟ. ಇಂಡಿಯಾಮಾರ್ಟ್‌ನಂಥ ಮಾರಾಟದ ತಾಣಗಳ ಜೊತೆ ಸೆಣಸಬೇಕು. ಬರೀ ಬೆಲೆ ಪಟ್ಟಿ ಬರೆದು ಪ್ರಯೋಜನವಿಲ್ಲ. 'ಎರಡು ಎಕರೆ ತೋಟಕ್ಕೆ ಯಾವ ಅಡಿಕೆ ಸುಲಿಯುವ ಯಂತ್ರ ಸಾಕು' ಎಂದು ಕಿರಿದು ಮಾಡಿಕೊಂಡರೆ, ಬಳಸಿದವರ ಅನುಭವ ಸೇರಿಸಿದರೆ, ದಾರಿ ಇದೆ. ಮಾರಾಟದ ತಾಣ ಇಂಥ ಪ್ರಶ್ನೆಗೆ ಉತ್ತರ ಬರೆಯುವುದಿಲ್ಲ.

'ಬೋರ್ಡೋ ದ್ರಾವಣ ತಯಾರಿಸುವುದು ಹೇಗೆ': ವರ್ಷ ವರ್ಷವೂ ಬರುವ ಪ್ರಶ್ನೆ, ಉತ್ತರ ಬದಲಾಗುವುದಿಲ್ಲ. ವಿಡಿಯೋಗಳ ಪೈಪೋಟಿ ಇದೆ. ಚಿಕ್ಕ ವಿಡಿಯೋ ಒಂದನ್ನು ನೀವೇ ಮಾಡಿ ಪುಟದಲ್ಲಿ ಸೇರಿಸಿದರೆ ಚೆನ್ನ. ಇದನ್ನು ಖಂಡಿತ ಬರೆಯಿರಿ. ಸಮಯ ಮಾತ್ರ ಮುಖ್ಯ. ಹುಡುಕಾಟ ಏರುವುದು ಮೇ, ಜೂನ್‌ನಲ್ಲಿ. ಪುಟ ಗೂಗಲ್‌ನಲ್ಲಿ ನೆಲೆಯಾಗಲು ಸಮಯ ಬೇಕು. ಫೆಬ್ರವರಿ, ಮಾರ್ಚ್‌ನಲ್ಲೇ ಹಾಕಿಬಿಡಿ.

'ಕೆಂಪುಗೋಟು, ಬಿಳಿಗೋಟು ವ್ಯತ್ಯಾಸ': ಹುಡುಕುವವರು ಕಡಿಮೆ, ಬರೆದವರೂ ಕಡಿಮೆ. ಇಂಥ ಪುಟ ಒಂದರಿಂದ ಜನಸಾಗರ ಬರುವುದಿಲ್ಲ. ಹೀಗೆ ಹದಿನೈದು ಇಪ್ಪತ್ತು ಪುಟಗಳಾದರೆ, ಒಂದಕ್ಕೊಂದು ಲಿಂಕ್ ಕೊಟ್ಟರೆ, ಅಡಿಕೆಯ ವಿಷಯದಲ್ಲಿ ನಿಮ್ಮ ಸೈಟ್‌ಗೆ ತೂಕ ಬರುತ್ತದೆ. ಆಗ ದೊಡ್ಡ ಕೀವರ್ಡ್‌ಗೆ ಕೈಹಾಕಬಹುದು.

ಬರೆದ ಮೇಲೆ

ಪುಟ ಹಾಕಿದ ವಾರಕ್ಕೇ ಸ್ಥಾನ ನೋಡಿ ನಿರಾಸೆಯಾಗಬೇಡಿ. ಎರಡು ಮೂರು ತಿಂಗಳು ಬಿಟ್ಟು ಕನ್ಸೋಲ್ ನೋಡಿ. ಇಂಪ್ರೆಶನ್ ಇದೆ, ಸ್ಥಾನ 12-15ರಲ್ಲಿ ನಿಂತಿದೆ ಎಂದರೆ ಅಂದಾಜು ಹೆಚ್ಚುಕಡಿಮೆ ಸರಿಯಾಗಿದೆ. ಮೇಲಿರುವ ಪುಟಗಳನ್ನು ಮತ್ತೆ ಓದಿ, ಅವುಗಳಲ್ಲಿ ಇದ್ದು ನಿಮ್ಮಲ್ಲಿ ಇಲ್ಲದ್ದನ್ನು ಸೇರಿಸಿ, ನಿಮ್ಮದೇ ಹಳೆಯ ಲೇಖನಗಳಿಂದ ಅದಕ್ಕೆ ಲಿಂಕ್ ಕೊಡಿ. ಒಂದೇ ಪದಕ್ಕೆ ನಿಮ್ಮದೇ ಎರಡು ಪುಟಗಳು ಸರದಿಯಲ್ಲಿ ಕಾಣಿಸುತ್ತಿದ್ದರೆ ಅವು ಒಂದಕ್ಕೊಂದು ಅಡ್ಡ ಬರುತ್ತಿರಬಹುದು. ಎರಡನ್ನೂ ಸೇರಿಸಿ ಒಂದು ಮಾಡಿ, ಹಳೆಯ ವಿಳಾಸವನ್ನು ಹೊಸದಕ್ಕೆ ತಿರುಗಿಸಿ.

ಇಂಪ್ರೆಶನ್ನೇ ಇಲ್ಲ ಎಂದರೆ ಮೊದಲು ಪುಟ ಇಂಡೆಕ್ಸ್ ಆಗಿದೆಯೇ, ಅಂದರೆ ಗೂಗಲ್‌ನ ಪಟ್ಟಿಗೆ ಸೇರಿದೆಯೇ ಎಂದು ಕನ್ಸೋಲ್‌ನ ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ನೋಡಿ. ಆಗಿದ್ದರೆ, ಜನ ಆ ವಿಷಯವನ್ನು ಬೇರೆ ಪದದಲ್ಲಿ ಹುಡುಕುತ್ತಿರಬಹುದು. ನಿಮ್ಮ ಪಟ್ಟಿಗೆ ವಾಪಸ್ ಹೋಗಿ, ತಲೆಬರಹದಲ್ಲಿ ಕೊಳೆರೋಗದ ಜೊತೆ ಮಹಾಳಿಯನ್ನೂ ಸೇರಿಸಿ ನೋಡಿ. ಮುಂದಿನ ಹಂಗಾಮಿಗೆ ಮೊದಲು ಅದೇ ಹತ್ತು ಫಲಿತಾಂಶಗಳನ್ನು ಇನ್ನೊಮ್ಮೆ ತೆರೆಯಿರಿ. ಹೋದ ವರ್ಷ ಖಾಲಿ ಇದ್ದ ಜಾಗದಲ್ಲಿ ಈ ವರ್ಷ ಯಾರಾದರೂ ಬಂದು ಕೂತಿರಬಹುದು, ತುಂಬಿದ್ದ ಕಡೆ ಜಾಗ ಆಗಿರಲೂಬಹುದು.